ಕಚೇರಿಯಲ್ಲಿ ಕನ್ನಡ ಮಾಸ: ಸಂಭ್ರಮವೂ ಸೌಜನ್ಯವೂ

ನವೆಂಬರ್ ಮಾಸ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ನಮ್ಮ ಸಂಘ-ಸಂಸ್ಥೆಗಳಲ್ಲಿ ರಾಜ್ಯೋತ್ಸವದ ಸಡಗರ. ಸಂಘದ ಸಭಾಗೃಹದಲ್ಲಿ ನೆರೆದವರೆಲ್ಲ ಕನ್ನಡಿಗರೇ ಆದುದರಿಂದ ಅಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಅದೇ ಹಬ್ಬವನ್ನು ನಾವು ದುಡಿಯುವ ಕಚೇರಿಯೊಳಗೆ ಆಚರಿಸಹೊರಟಾಗ ಮಾತ್ರ ಹಲವು ಪ್ರಶ್ನೆಗಳು ಏಳುತ್ತವೆ.

ನಮ್ಮ ಕಚೇರಿಗಳ ಪಂಚಾಂಗದಲ್ಲಿ ಭಾಷೆಗಳಿಗೆ ಕೊರತೆಯೇನಿಲ್ಲ. ಸೆಪ್ಟೆಂಬರ್ 14 ಹಿಂದಿ ದಿವಸ. ಕುಸುಮಾಗ್ರಜರ ಜನ್ಮದಿನವಾದ ಫೆಬ್ರವರಿ 27 ಮರಾಠಿ ಭಾಷಾ ಗೌರವ ದಿನ. ಕನ್ನಡಕ್ಕೆ ಇಲ್ಲಿ ಅಂತಹ ಸುತ್ತೋಲೆಯ ಬೆಂಬಲವಿಲ್ಲ. ಒಂದು ಕಾಲದಲ್ಲಿ ಅದರ ಅಗತ್ಯವೂ ಇರಲಿಲ್ಲ. 1906ರಲ್ಲಿ ಹುಟ್ಟಿದ ಕೆನರಾ ಮತ್ತು ಕಾರ್ಪೊರೇಶನ್, 1925ರ ಸಿಂಡಿಕೇಟ್, 1931ರ ವಿಜಯಾ – ಕರಾವಳಿಯ ಈ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಕೌಂಟರಿನ ಎರಡೂ ಬದಿಯಲ್ಲಿ ಕನ್ನಡ, ತುಳು ಕೇಳಿಬರುತ್ತಿದ್ದುವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿಯೂ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದುವು. ಈಗ ಪಕ್ಕದ ಮೇಜಿನ ಸಹೋದ್ಯೋಗಿ ಬಿಹಾರದವರೋ ಆಂಧ್ರದವರೋ ಆಗಿರಬಹುದು. ಹಿಂದೆ ತಾನಾಗಿ ನಡೆಯುತ್ತಿದ್ದ ಕನ್ನಡದ ವ್ಯವಹಾರವನ್ನು ಇಂದು ಪ್ರಯತ್ನಪೂರ್ವಕವಾಗಿ ಉಳಿಸಿಕೊಳ್ಳಬೇಕಾಗಿದೆ.

ಇನ್ನೊಂದು ಸೂಕ್ಷ್ಮ ಸಂಗತಿಯನ್ನೂ ಮರೆಯುವಂತಿಲ್ಲ. ನಮಗೆ ಹಬ್ಬವಾದ ನವೆಂಬರ್ 1ನ್ನು ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಕರಾಳ ದಿನವೆಂದು ಆಚರಿಸುತ್ತ ಬಂದಿದೆ. ಗಡಿ ವಿವಾದದ ಕುರಿತು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಮರಾಠಿ ಸಹೋದ್ಯೋಗಿಯೊಬ್ಬರ ಮನದಲ್ಲಿ ಈ ದಿನದ ಬಗ್ಗೆ ಬೇರೆ ಭಾವನೆ ಇದ್ದರೆ ಆಶ್ಚರ್ಯವಿಲ್ಲ. ಗಡಿಯ ಪ್ರಶ್ನೆಯನ್ನು ನ್ಯಾಯಾಲಯ ತೀರ್ಮಾನಿಸಲಿ. ಕಚೇರಿಯ ವೇದಿಕೆ ಅದಕ್ಕೆ ತಕ್ಕ ಸ್ಥಳವಲ್ಲ.

ಅಲ್ಲಿ ಹೇಳತಕ್ಕ ವಿಷಯಗಳು ಬೇರೆಯೇ ಇವೆ, ಬೇಕಾದಷ್ಟಿವೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ತನಕ ಮುಂಬಯಿ ರಾಜ್ಯದಲ್ಲೇ ಇದ್ದುವು. ಮರಾಠಿಗರು 1960ರ ಮೇ 1ನ್ನು ಯಾವ ಭಾವದಿಂದ ನೆನೆಯುವರೋ ಕನ್ನಡಿಗರಿಗೆ 1956ರ ನವೆಂಬರ್ 1 ಅಂಥದೇ ಎಂದರೆ ಹುತಾತ್ಮ ಚೌಕವನ್ನು ಬಲ್ಲ ಯಾವ ಮರಾಠಿಗನಿಗೂ ಅರ್ಥವಾಗುತ್ತದೆ. ವರಕವಿ ಬೇಂದ್ರೆಯವರ ಮನೆಮಾತು ಮರಾಠಿ. ಗದಗ ಸೀಮೆಯ ಪಂಡಿತ್ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ಮರಾಠಿ ಅಭಂಗಗಳನ್ನೂ ದಾಸರ ಪದಗಳನ್ನೂ ಒಂದೇ ಕಂಠದಲ್ಲಿ ಹಾಡಿದರು. ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರಲ್ಲಿ ಶಾಸ್ತ್ರೀಯ ಸ್ಥಾನ ದೊರೆಯಿತು. ಇವನ್ನು ಹತ್ತು ನಿಮಿಷ ಮರಾಠಿಯಲ್ಲೋ ಹಿಂದಿಯಲ್ಲೋ ವಿವರಿಸಿದರೆ ಹಬ್ಬ ಎಲ್ಲರದಾಗುತ್ತದೆ.

ಅಮೆರಿಕದಲ್ಲಿ ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಕರಿಯ ಜನಾಂಗದ ಚರಿತ್ರೆಗಾಗಿ ಆರಂಭಿಸಿದ ಸಪ್ತಾಹ 1976ರಲ್ಲಿ ಮಾಸಾಚರಣೆಯಾಗಿ ಬೆಳೆಯಿತು. ಪಠ್ಯಗಳು ಹೇಳದೆ ಬಿಟ್ಟುದನ್ನು ತಿಳಿಸುವುದೇ ಅದರ ಗುರಿಯಾಗಿತ್ತು. ನಮ್ಮ ಆಚರಣೆಯೂ ರೇಷ್ಮೆ ಸೀರೆ, ಇಡ್ಲಿ-ವಡೆಗಳಲ್ಲಿ ಮುಗಿಯಬಾರದು. ದಕ್ಷಿಣದವರೆಲ್ಲರನ್ನೂ 'ಮದ್ರಾಸಿ' ಎನ್ನುವ ಅಜ್ಞಾನವನ್ನು ತಿಂಡಿಯ ತಟ್ಟೆಯೊಂದೇ ಹೋಗಲಾಡಿಸಲಾರದು. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರೂ ಕನ್ನಡದ ಬಳಗವೇ ಎಂಬುದನ್ನು ನಾವೂ ನೆನಪಿಡಬೇಕು. ಯಾರಿಂದಲೂ ಬಲವಂತದ ವಂತಿಗೆ ಬೇಡ. ಕಿರಿಯ ನೌಕರರನ್ನು ಒತ್ತಾಯದಿಂದ ವೇದಿಕೆ ಹತ್ತಿಸುವುದೂ ಬೇಡ. ಗ್ರಾಹಕರು ಸರತಿಯಲ್ಲಿ ಕಾದಿರುವಾಗ ಕಾರ್ಯಕ್ರಮವಂತೂ ಸಲ್ಲದು.

ಗ್ರಾಹಕರ ಮಾತು ಬಂದುದರಿಂದ ಹೇಳಲೇಬೇಕಾದ ಒಂದು ವಿಚಾರವಿದೆ. 2025ರ ಯುಗಾದಿಯ ಬಳಿಕ ಬ್ಯಾಂಕುಗಳಲ್ಲಿ ಮರಾಠಿ ಬಳಸುತ್ತಿಲ್ಲವೆಂದು ಮಹಾರಾಷ್ಟ್ರ ನವನಿರ್ಮಾಣ ಸೇನೆ ಚಳವಳಿ ಹೂಡಿತು. ಅದೇ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯೊಬ್ಬರು ಕನ್ನಡ ಮಾತನಾಡಲಾರೆನೆಂದಾಗ ಇಡೀ ಕರ್ನಾಟಕ ಕೆರಳಿತು. ಶಾಖೆಗೆ ನುಗ್ಗಿ ನೌಕರರನ್ನು ಬೆದರಿಸುವುದನ್ನು ಯಾರೂ ಒಪ್ಪಲಾಗದು. ಆದರೆ ಪ್ರಾದೇಶಿಕ ಭಾಷೆಯಲ್ಲಿ ಸೇವೆ ಪಡೆಯುವ ಹಕ್ಕು ಆನೇಕಲ್‌ನ ರೈತನಿಗೆಷ್ಟೋ ಕಲ್ಯಾಣದ ಪಿಂಚಣಿದಾರನಿಗೂ ಅಷ್ಟೇ. ಕರ್ನಾಟಕದಲ್ಲಿ ಕನ್ನಡ ಕಲಿಯಿರೆಂದು ಹೊರಗಿನವರಿಗೆ ಹೇಳುವ ನಾವು, ಇಲ್ಲಿ ಮರಾಠಿಯನ್ನು ಕಲಿಯದೆ ಕಾಲ ತಳ್ಳಿದರೆ ನಮ್ಮ ಮಾತಿಗೆ ಬೆಲೆಯೆಲ್ಲಿ?

ಕರ್ಮಭೂಮಿಯ ಭಾಷೆಯಲ್ಲಿ ಗ್ರಾಹಕರಿಗೆ ವರ್ಷವಿಡೀ ಚೆನ್ನಾಗಿ ಉತ್ತರಿಸುವ ಕನ್ನಡಿಗನು ನವೆಂಬರಿನಲ್ಲಿ ತಾಯಿನುಡಿಯ ಹಬ್ಬಕ್ಕೆ ಕರೆದರೆ ಸಹೋದ್ಯೋಗಿಗಳು ಸಂತೋಷದಿಂದಲೇ ಬರುತ್ತಾರೆ. ಆ ವಿಶ್ವಾಸವನ್ನು ಗಳಿಸಿಕೊಳ್ಳುವ ಕೆಲಸ ಉಳಿದ ಹನ್ನೊಂದು ತಿಂಗಳುಗಳದು.