ಹಿರಿಯರ ಬಡಾವಣೆಗೆ ವೈಫೈ: ಸಹಿ ಮೊದಲೋ, ಯೋಚನೆ ಮೊದಲೋ?

ಮೈಸೂರಿಗೆ ಪಿಂಚಣಿದಾರರ ಸ್ವರ್ಗವೆಂಬ ಹೆಸರು ಬಂದು ಎಷ್ಟೋ ಕಾಲವಾಯಿತು. ಆ ಸ್ವರ್ಗ ಈಗ ಅಗ್ರಹಾರದ ಹೆಂಚಿನ ಮನೆಗಳನ್ನು ಬಿಟ್ಟು ರಿಂಗ್ ರಸ್ತೆಯಾಚೆಗೂ ಬೆಳೆದಿದೆ. ವಯಸ್ಸಾದವರಿಗೆಂದೇ ಕಟ್ಟಿದ ಬಡಾವಣೆಗಳು. ಒಳಗೇ ಊಟದ ಮನೆ, ಒಳಗೇ ನರ್ಸಮ್ಮ, ಗೇಟಿನಲ್ಲಿ ಕಾವಲುಗಾರ. ಮಕ್ಕಳು ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುತ್ತಾರೆ. ಇಂಥ ಕಡೆ ಕಂಪನಿಯವರು ಬಂದು ಹೇಳುವ ಮಾತು ಒಂದೇ: "ಮನೆ ಮನೆಗೂ ಬೇರೆ ಕನೆಕ್ಷನ್ ಯಾಕೆ ಸಾರ್? ಇಡೀ ಬಡಾವಣೆಗೆ ಒಂದೇ ವೈಫೈ ಹಾಕಿಸಿಬಿಡಿ."

ಮಾತೇನೂ ತಪ್ಪಲ್ಲ. ವೈಫೈ ಎಂದರೆ ಹುಡುಗರ ಶೋಕಿ ಎಂದು ಮೂಗು ಮುರಿಯುವ ಕಾಲ ಹೋಯಿತು. ಮೊಮ್ಮಗಳ ಮುಖ ನೋಡುವುದು, ಡಾಕ್ಟರ ಸಲಹೆ, ಬ್ಯಾಂಕಿನ ವ್ಯವಹಾರ ಎಲ್ಲ ಅದರ ಮೇಲೇ ನಿಂತಿದೆ. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ರುಜುವಾತು ಮಾಡಲು ಬ್ಯಾಂಕಿನ ಮುಂದೆ ಕ್ಯೂ ನಿಲ್ಲುತ್ತಿದ್ದ ಪಿಂಚಣಿದಾರರಿಗೆ 2014ರಲ್ಲಿ 'ಜೀವನ್ ಪ್ರಮಾಣ್' ಬಂತು. 2021ರಿಂದ ಮೊಬೈಲಿಗೆ ಮುಖ ತೋರಿಸಿದರೂ ನಡೆಯುತ್ತದೆ. ಇಂಟರ್ನೆಟ್ ಕೈಕೊಟ್ಟರೆ ಬದುಕಿರುವವರು ಬದುಕಿದ್ದೇವೆ ಅನ್ನೋದಕ್ಕೂ ಮತ್ತೆ ಆಟೋ ಹತ್ತಬೇಕು.

ಆದ್ದರಿಂದ ವೈಫೈ ಬೇಕೇ ಬೇಡವೇ ಎಂಬ ವಾದ ಬೇಡ. ಸಂಘದ ಪದಾಧಿಕಾರಿಗಳು ಯಾವ ಕಾಗದಕ್ಕೆ, ಏನು ನೋಡಿಕೊಂಡು ಸಹಿ ಹಾಕುತ್ತಾರೆ ಎಂಬುದೇ ಪ್ರಶ್ನೆ. ನೂರಿಪ್ಪತ್ತು ಮನೆಯ ಬಡಾವಣೆ ಎಂದಿಟ್ಟುಕೊಳ್ಳಿ. ಮನೆಗೆ ತಿಂಗಳಿಗೆ 500 ರೂಪಾಯಿ. "ಅಯ್ಯೋ, ಐನೂರು ತಾನೇ!" ಎನ್ನುತ್ತಾರೆ. ಐದು ವರ್ಷದ ಕರಾರಾದರೆ ಅದು 36 ಲಕ್ಷ. ಶೇಕಡಾ 18ರ ಜಿ.ಎಸ್.ಟಿ. ಸೇರಿದರೆ 42 ಲಕ್ಷ 48 ಸಾವಿರ. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿಗೆ ಐದು ರೂಪಾಯಿ ಚೌಕಾಸಿ ಮಾಡುವ ಮಹನೀಯರು ಇಷ್ಟು ದುಡ್ಡಿನ ಕರಾರಿಗೆ ಒಂದೇ ಕೊಟೇಷನ್ ನೋಡಿ ತಲೆಯಾಡಿಸಿದರೆ ಏನನ್ನಬೇಕು?

ಕಂಪನಿಯವರು ಸಮುದಾಯ ಭವನದಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸುವ ವೇಗ ಅಂಗೈಯಲ್ಲಿ ತೋರಿಸುವ ಆಕಾಶ. ಯಂತ್ರ ತಲೆಯ ಮೇಲೇ ಇದ್ದರೆ ಯಾರಿಗೆ ತಾನೇ ಸಿಗ್ನಲ್ ಬರೋದಿಲ್ಲ? ನೋಡಬೇಕಾದದ್ದು ಮೂಲೆಯ ಮನೆಯ ಮಲಗುವ ಕೋಣೆಯಲ್ಲಿ, ಬಚ್ಚಲುಮನೆಯಲ್ಲಿ. ವೈಫೈ ಅಲೆಗಳಲ್ಲಿ 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ಆದರೆ ಕಾಂಕ್ರೀಟ್ ಗೋಡೆ ಎದುರಾದರೆ ಬೇಗ ಸೋಲುತ್ತದೆ. 2.4ರದು ದೂರ ಹೋಗುತ್ತದೆ, ಆದರೆ ಒಂದರ ಕಾಲು ಇನ್ನೊಂದು ತುಳಿಯದ ದಾರಿ ಅದರಲ್ಲಿ ಮೂರೇ ಮೂರು. ಮನೆಗೊಂದು ರೂಟರ್ ಇಟ್ಟು ನೂರಿಪ್ಪತ್ತೂ ಒಟ್ಟಿಗೆ ಕೂಗಿಕೊಂಡರೆ ಸಂತೆಯೇ ಸರಿ. ಕಬ್ಬಿಣದ ಬೀರು, ನಿಲುವುಗನ್ನಡಿ ಇವೂ ಅಡ್ಡ ಬರುತ್ತವೆ. ಹೀಗಾಗಿ ಒಬ್ಬ ತಿಳಿದ ಮನುಷ್ಯ ಮೀಟರ್ ಹಿಡಿದು ಮನೆ ಮನೆ ಸುತ್ತಬೇಕು, ಎಲ್ಲೆಲ್ಲಿ ಯಂತ್ರ ಕೂಡಬೇಕೆಂದು ನಕ್ಷೆ ಬರೆದುಕೊಡಬೇಕು. ಆ ನಕ್ಷೆ ಕರಾರಿನ ಭಾಗವಾಗಬೇಕು. "ನೂರು ಎಂ.ಬಿ.ಪಿ.ಎಸ್." ಎಂದರೆ ಪ್ರತಿ ಮನೆಗೋ, ಎಲ್ಲರಿಗೂ ಸೇರಿಯೋ ಎಂದೂ ಬರೆಸಿಕೊಳ್ಳಬೇಕು. ಕಾರ್ಪೊರೇಷನ್ ನಲ್ಲಿಯ ಹಾಗೆ, ಎಲ್ಲರೂ ಒಟ್ಟಿಗೆ ತಿರುಗಿಸುವ ಸಂಜೆ ಹೊತ್ತಿಗೆ ಎಷ್ಟು ಬರುತ್ತದೆ ಎಂಬುದೇ ಲೆಕ್ಕ.

ಎಲ್ಲಕ್ಕಿಂತ ದೊಡ್ಡದು ಕರೆಂಟಿನ ವಿಚಾರ. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತಿತ್ತು. ಊರೆಲ್ಲಾ ಕತ್ತಲಾದರೂ ಫೋನು ಎತ್ತಿದರೆ ಟೋನ್ ಕೇಳುತ್ತಿತ್ತು. ಗಾಜಿನ ಎಳೆಯ ಫೈಬರ್ ಕರೆಂಟು ಹೊತ್ತು ತರುವುದಿಲ್ಲ. ಮನೆಯ ಪೆಟ್ಟಿಗೆ, ದಾರಿಯ ಸ್ವಿಚ್ಚು, ಯಾವುದಕ್ಕೆ ಕರೆಂಟು ತಪ್ಪಿದರೂ ಎಲ್ಲಾ ನಿಂತಿತು. ಇದರ ಜೊತೆಗೆ, ತುರ್ತು ಗಂಟೆಯನ್ನೂ ಇದೇ ವೈಫೈಗೆ ಕಟ್ಟಿಬಿಡೋಣ, ತಂತಿ ಎಳೆಯುವ ಖರ್ಚು ಉಳಿಯುತ್ತದೆ ಎನ್ನುವ ಜಾಣರೂ ಇರುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದ ಎಂಬತ್ತರ ಅಜ್ಜಿ ಗುಂಡಿ ಒತ್ತುವ ಹೊತ್ತಿಗೆ ಕರೆಂಟು ಹೋಗಿದ್ದರೆ? ಮೊಬೈಲ್ ಸಿಗ್ನಲ್ ಇಲ್ಲದೆ ವೈಫೈ ಮೇಲೇ ಮಾತಾಡುವ ಮನೆಗಳಲ್ಲಿ 108ಕ್ಕೆ ಫೋನು ಮಾಡುವುದು ಹೇಗೆ? ಜನರೇಟರ್ ಇದೆಯಲ್ಲ ಎಂದರೆ ಸಾಲದು. ಅದು ಹೊತ್ತಿಕೊಳ್ಳುವ ಮುನ್ನಿನ ನಿಮಿಷಗಳಿಗೆ ಯು.ಪಿ.ಎಸ್. ಎಲ್ಲಿ, ಅದರ ಬ್ಯಾಟರಿ ಬದಲಿಸುವ ಖರ್ಚು ಯಾರದು? ಗಂಟೆಗೆ ಬೇರೆ ದಾರಿಯನ್ನೇ ಇಡುವುದು ಕ್ಷೇಮ.

ಇನ್ನು ಕರಾರು ಮುಗಿದ ಮೇಲಿನ ಕಥೆ. ನೆಲದಡಿಯ ಕೇಬಲ್ ಕಂಪನಿಯದು ಎಂದಾದರೆ ಐದು ವರ್ಷದ ನಂತರ ಅವರು ಹೇಳಿದ್ದೇ ದರ. ಪೈಪು, ಕೇಬಲ್ ಸಂಘದ ಹೆಸರಿಗೇ ಇರಬೇಕು. ಬೇರೆ ಕಂಪನಿ ಒಳಗೆ ಬರಬಾರದು ಎಂಬ ಷರತ್ತು ಇದ್ದರೆ ಹೊಡೆದುಹಾಕಬೇಕು. ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗೆ ಕೊಟ್ಟ ಮಾದರಿ ಮಾರ್ಗಸೂಚಿಯಲ್ಲಿ ಬಿಲ್ಡರು, ಸೇವೆ ಕೊಡುವವರು, ಮನೆ ಪಡೆದವರು ಮೂವರೂ ಸೇರಿದ ಕರಾರಿನ ಮಾತಿದೆ. ಬಿಲ್ಡರೊಬ್ಬನೇ ಸಹಿ ಹಾಕಿ ಬಿಲ್ಲು ಮಾತ್ರ ನಿವಾಸಿಗಳಿಗೆ ಬರುವ ವ್ಯವಸ್ಥೆಯನ್ನು ಯಾರೂ ಒಪ್ಪಬೇಕಾಗಿಲ್ಲ.

ಕೆಟ್ಟಾಗ ಬರುವವರು ಯಾರು? "ಹಿಂದಿಗಾಗಿ ಎರಡನ್ನು ಒತ್ತಿ" ಎನ್ನುವ ಧ್ವನಿಯ ಜೊತೆ ಕಿವಿ ಮಂದವಾದ ಮೇಷ್ಟ್ರು ಹೆಣಗಾಡಬೇಕೇ? ಭಾನುವಾರವೂ ಬಂದು ಕನ್ನಡದಲ್ಲಿ ಮಾತಾಡಿ ಸರಿಮಾಡುವ ಒಬ್ಬ ಹುಡುಗನ ಹೆಸರು, ನಂಬರು ನೋಟೀಸ್ ಬೋರ್ಡಿನಲ್ಲಿ ಇರಬೇಕು. ಎರಡು ದಿನ ನಿಂತರೆ ಅಷ್ಟು ದುಡ್ಡು ಬಿಲ್ಲಿನಲ್ಲಿ ಕಡಿತವಾಗಬೇಕು.

ಇದು ಗೇಟಿನ ಒಳಗಿನವರ ತಾಪತ್ರಯ ಮಾತ್ರ ಅಲ್ಲ. ಗೇಟಿನೆದುರಿನ ಔಷಧಿ ಅಂಗಡಿಗೆ ಮಾತ್ರೆಯ ಚೀಟಿ ಬರುವುದು ವಾಟ್ಸಾಪಿನಲ್ಲಿ, ದಿನಸಿ ಅಂಗಡಿಯವನಿಗೆ ದುಡ್ಡು ಬರುವುದು ಮೊಬೈಲಿನಲ್ಲಿ. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಮಗಳು "ಊಟ ಆಯ್ತಾ ಅಪ್ಪ?" ಎಂದು ಕೇಳುವುದೂ ಅದೇ ದಾರಿಯಲ್ಲಿ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಬದಲು, ಮೊದಲು ಹತ್ತು ಮನೆಗಳಲ್ಲಿ, ಅದರಲ್ಲೂ ತೀರಾ ಮೂಲೆಯ ಮನೆಗಳಲ್ಲಿ, ಎರಡು ತಿಂಗಳು ಹಾಕಿಸಿ ನೋಡಲಿ. ನಡುವೆ ಒಂದು ದಿನ, ಕಂಪನಿಯವರನ್ನು ಎದುರಿಗೆ ಕೂರಿಸಿಕೊಂಡು, ಕಾರ್ಯದರ್ಶಿಗಳು ಬಡಾವಣೆಯ ಮೇನ್ ಸ್ವಿಚ್ ಆರಿಸಲಿ. ಆಮೇಲೆ ಸರ್ವಸದಸ್ಯರ ಸಭೆ ಕರೆದು ಕರಾರಿನ ಕಾಗದವನ್ನು ಕನ್ನಡದಲ್ಲಿ ಓದಿಸಲಿ.