ಚೋಮನ ಮುಖ ಯಾರದು?

ಸಾಹಿತ್ಯಕೃತಿಗಳ ಪಾತ್ರಗಳನ್ನು ಆಧರಿಸಿ ಚಿತ್ರ, ಶಿಲ್ಪಗಳನ್ನು ರಚಿಸುವುದು ಹೊಸತಲ್ಲ. ವಿಚಾರಸಂಕಿರಣದ ಆಹ್ವಾನಪತ್ರಿಕೆಯಿಂದ ಗ್ರಂಥದ ಮುಖಪುಟದವರೆಗೆ ಅವು ಬಳಕೆಯಾಗುತ್ತವೆ. ಆದರೆ ಪಾತ್ರದ ಮೇಲೆ ಯಾರಿಗೆ ಯಾವ ಹಕ್ಕಿದೆಯೆಂದು ನಾವು ಕೇಳಿಕೊಳ್ಳುವುದು ವಿರಳ.

ಪುರಾಣಪಾತ್ರಗಳಲ್ಲಿ ಈ ತೊಡಕಿಲ್ಲ. ಕರ್ಣನನ್ನು ಪಂಪನೂ ಕುಮಾರವ್ಯಾಸನೂ ತಮಗೆ ಕಂಡಂತೆ ಚಿತ್ರಿಸಿದರು. ಇದೇ ಅಭ್ಯಾಸಬಲದಿಂದ ಆಧುನಿಕ ಕಾದಂಬರಿಯ ಪಾತ್ರಗಳನ್ನೂ ನಾವು ಸರ್ವರ ಸೊತ್ತೆಂದೇ ಭಾವಿಸುತ್ತೇವೆ. ಕಾನೂನು ಹಾಗೆ ಭಾವಿಸುವುದಿಲ್ಲ.

'ಚೋಮನ ದುಡಿ'ಯನ್ನೇ ನೋಡಬಹುದು. ಕಾದಂಬರಿ ಪ್ರಕಟವಾದದ್ದು 1933ರಲ್ಲಿ. ಶಿವರಾಮ ಕಾರಂತರು ನಿಧನರಾದದ್ದು 1997ರಲ್ಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರ ಮರಣಾನಂತರ 60 ವರ್ಷ, ಅಂದರೆ 2057ರ ಕೊನೆಯವರೆಗೆ, ಹಕ್ಕು ಉಳಿಯುತ್ತದೆ. ಕಾಯಿದೆಯು ಪಾತ್ರವನ್ನು ಪ್ರತ್ಯೇಕ ಕೃತಿಯೆಂದು ಹೆಸರಿಸಿಲ್ಲ. ಆರ್.ಜಿ. ಆನಂದ್ ಪ್ರಕರಣದಲ್ಲಿ (1978) ಸರ್ವೋಚ್ಚ ನ್ಯಾಯಾಲಯವು ವಿಚಾರಕ್ಕೆ ಸ್ವಾಮ್ಯವಿಲ್ಲ, ಅಭಿವ್ಯಕ್ತಿಗೆ ಮಾತ್ರ ಇದೆ ಎಂದಿತು. ಭೂಹೀನನ ಸಂಕಟ ಯಾರ ಸೊತ್ತೂ ಅಲ್ಲ. ಕಾರಂತರು ಅದಕ್ಕಿತ್ತ ನಿರ್ದಿಷ್ಟ ರೂಪ ಸ್ವಾಮ್ಯದ ವ್ಯಾಪ್ತಿಗೆ ಬರಬಹುದು.

ಇನ್ನೊಂದು ಸೂಕ್ಷ್ಮವಿದೆ. ಕಾದಂಬರಿಯ ಚೋಮನ ಮುಖ ಓದುಗನ ಕಲ್ಪನೆಗೆ ಬಿಟ್ಟದ್ದು. ಆದರೆ ಬಿ.ವಿ. ಕಾರಂತರ 1975ರ ಚಲನಚಿತ್ರದ ನಂತರ ಹಲವರಿಗೆ ಚೋಮನೆಂದರೆ ಎಂ.ವಿ. ವಾಸುದೇವರಾವ್ ಅವರ ಮುಖ. ಆ ಮುಖವನ್ನು ಬರೆದ ಕಲಾವಿದನು ಕಾದಂಬರಿಗಿಂತ ಚಲನಚಿತ್ರಕ್ಕೆ ಹೆಚ್ಚು ಋಣಿ. ಅದರ ಹಕ್ಕುಗಳು ಬೇರೆ.

ಖಾಸಗಿ ಅಧ್ಯಯನ, ಸಂಶೋಧನೆ, ವಿಮರ್ಶೆಗಳಿಗೆ ಕಾಯಿದೆಯ 52ನೆಯ ಪ್ರಕರಣ ಅವಕಾಶ ನೀಡಿದೆ. ಮಾರಾಟದ ಸ್ಮರಣಿಕೆ, ಕ್ಯಾಲೆಂಡರ್‌ಗಳಿಗೆ ಆ ರಕ್ಷಣೆಯನ್ನು ನಂಬಿ ಕೂರಲಾಗದು. ಅಲ್ಲಿ ಅನುಮತಿ ಕೇಳುವುದೂ ಮೂಲ ಲೇಖಕರನ್ನು ಹೆಸರಿಸುವುದೂ ನಮ್ಮ ಕರ್ತವ್ಯ.

ಆದರೆ ಅನುಮತಿಯು ಅರ್ಥದ ಕಾವಲಾಗಬಾರದು. ಕಾರಂತರ ದೃಷ್ಟಿಯನ್ನು ಒಪ್ಪದ ದಲಿತ ಕಲಾವಿದನೊಬ್ಬ ಚೋಮನನ್ನು ಬೇರೆ ಬಗೆಯಲ್ಲಿ ಚಿತ್ರಿಸಬಹುದು. ಲೇಖಕನ ಗೌರವಕ್ಕೆ ಕುಂದು ತರುವ ವಿರೂಪವನ್ನು 57ನೆಯ ಪ್ರಕರಣ ತಡೆಯುತ್ತದೆ ನಿಜ. ಭಿನ್ನ ಓದನ್ನೆಲ್ಲ ವಿರೂಪವೆಂದು ಬಗೆದರೆ ವಿಮರ್ಶೆಗೇ ಜಾಗವಿರದು. ತುಂಡು ನೆಲಕ್ಕಾಗಿ ಹಂಬಲಿಸಿ ಅದು ದಕ್ಕದೆ ಸತ್ತವನು ಚೋಮ. ಅವನ ಚಿತ್ರಕ್ಕೂ ಬೇಲಿ ಹಾಕುವ ಮುನ್ನ ಹಕ್ಕುದಾರರು ಇದನ್ನು ನೆನೆಯಬೇಕು. ಕೇಳದೆ ಬಳಸುವ ಮುನ್ನ ನಾವು ಕಾಯಿದೆಯನ್ನು ಓದಬೇಕು.