ಚಿಪ್‌ಗೆ ಕನ್ನಡ ಮೈಲಿಗೆಯೇ?

ಕನ್ನಡಿಗರೇ, ಎಫ್‌ಪಿಜಿಎ ಚಿಪ್ ಎಂದರೆ ನಮ್ಮ ಅಚ್ಚುಮೊಳೆಯಿದ್ದಂತೆ. ಜೋಡಿಸಿ, ಬಿಚ್ಚಿ, ಮತ್ತೆ ಬೇರೆಯದನ್ನು ಜೋಡಿಸಬಹುದು. ಅದನ್ನು ಕಲಿಸುವ ಕಮ್ಮಟದಲ್ಲಿ ನಮ್ಮ ಹುಡುಗರು ಮೊದಲು ಎಡವುವುದು ಕಂಪ್ಯೂಟರ್ ಸಜ್ಜುಗೊಳಿಸುವ ಇಂಗ್ಲಿಷ್ ಹಾಳೆಯಲ್ಲಿ! ಅದರಲ್ಲೇನಿದೆ ಮಹಾ? ಲ್ಯಾಟಿಸ್ ಕಂಪನಿಯ ಐಸ್40 ಚಿಪ್ಪಾದರೆ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್, ಐಸ್‌ಸ್ಟಾರ್ಮ್ ಸಾಕು, ಮೂರೂ ಪುಕ್ಕಟೆ. ಲಿನಕ್ಸ್‌ನಲ್ಲಿ ಯುಡೆವ್ ನಿಯಮ ಬರೆದಿಡದಿದ್ದರೆ ಎಷ್ಟೋ ಸಲ ಯುಎಸ್‌ಬಿ ಬೋರ್ಡು ಮುಟ್ಟಲು ಅನುಮತಿ ಸಿಗದು. ಬೋರ್ಡೇ ಕೆಟ್ಟಿತೆಂದು ಹುಡುಗ ಎದ್ದು ಹೋಗುತ್ತಾನೆ. ಇದೊಂದು ಮಾತನ್ನು ಕನ್ನಡದಲ್ಲಿ ಬರೆಯಲು ಯಾವ ಘನವಿದ್ವಾಂಸ ಬೇಕು ಸ್ವಾಮಿ? ವೆರಿಲಾಗ್‌ನಲ್ಲೂ ಎರಡು ಓರೆಗೆರೆ ಹಾಕಿ ಅದರ ಮುಂದೆ ಕನ್ನಡದಲ್ಲೇ ಟಿಪ್ಪಣಿ ಬರೆಯಬಹುದು. ಯಂತ್ರಕ್ಕಿಲ್ಲದ ಮಡಿ ಮೇಷ್ಟ್ರಿಗೇಕೆ? ಕಮ್ಮಟ ನಡೆಸುವವರನ್ನು ಕೇಳಿ: ಕನ್ನಡದ ಹಾಳೆ ಎಲ್ಲಿ? ಅಚ್ಚು ಹಾಕಿಸಲು ಆಗದೆಂದರೆ ನಮ್ಮಂಥ ಪ್ರೆಸ್ಸಿನವರಿದ್ದೇವೆ, ಕಳಿಸಿ.